ಈರುಳ್ಳಿ ಬಣ್ಣದ ಅನುಮಾನ

ಯಶೋದಮ್ಮನಿಗೆ ಅನುಮಾನ ಹುಟ್ಟುಗುಣ. ಹಾಲಿನವನ ಎದುರಿಗೇ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವವಳು ಅವಳು. ಹಲಸೂರು ಮಾರ್ಕೆಟ್ಟಿನ ಹಿಂದೆ ಅವಳ ಮ್ಯಾಚಿಂಗ್ ಸೆಂಟರ್ ಇಷ್ಟು ವರ್ಷ ನಡೆದು ಬಂದಿರುವುದೂ ಆ ಗುಣದಿಂದಲೇ. ಸೀರೆಗೆ ಹೊಂದುವ ರವಿಕೆ ಬಟ್ಟೆ ಅಂಗಡಿಯಲ್ಲಿ ಸಿಗದಿದ್ದರೆ ಬಿಳಿ ಬಟ್ಟೆಗೆ ಬಣ್ಣ ಹಾಕಿಸಿ ಕೊಡುತ್ತಾಳೆ. ಹಾಕುವವಳು ಶಿವಾಜಿನಗರದ ಫಾಯಿಜಾ. ಯಾರನ್ನೂ ನಂಬದ ಯಶೋದಮ್ಮ ಅವಳೊಬ್ಬಳನ್ನು ನಂಬಿದ್ದಳು.

ಮೊದಲೆಲ್ಲ ಗಿರಾಕಿಯ ಸೀರೆಯಂಚಿನಿಂದ ಒಂದೆಳೆ ದಾರ ಎಳೆದು, ಬಿಳಿ ಬಟ್ಟೆಯ ಮೂಲೆಗೆ ಗಂಟು ಹಾಕಿ ಕಳಿಸುತ್ತಿದ್ದಳು. ಆ ದಾರ ನೋಡಿ ಫಾಯಿಜಾ ಬಣ್ಣ ಕಲಸುತ್ತಿದ್ದಳು. ಆಮೇಲೆ ಮಗ ಮಧುಕರ್ ಹೊಸ ಫೋನು ಕೊಡಿಸಿದ. ಮಾರತ್ತಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ಅವನ ಕೆಲಸ. ಇದು ಅಮೋಲೆಡ್ ಪರದೆ, ಇದರಲ್ಲಿ ಕಪ್ಪು ಅಂದರೆ ಕಾಡಿಗೆ ಕಪ್ಪು ಎಂದು ಹೊಗಳಿದ್ದ. ಟ್ರಾಫಿಕ್ಕಿಗೆ ಹೆದರುವ ಮಹದೇವಪುರದ ಗಿರಾಕಿಗಳು ಸೀರೆಯ ಫೋಟೋ ಕಳಿಸತೊಡಗಿದರು. ಯಶೋದಮ್ಮ ಅದನ್ನೇ ಫಾಯಿಜಾಳ ಹಳೇ ಫೋನಿಗೆ ತಳ್ಳತೊಡಗಿದಳು. ದಾರದ ಕಾಲ ಮುಗಿಯಿತು.

ಅಲ್ಲಿಂದ ಶುರುವಾಯಿತು. ಬಣ್ಣ ಹಾಕಿ ಬಂದ ಬಟ್ಟೆಯನ್ನು ಯಶೋದಮ್ಮ ಫೋನಿನ ಪಕ್ಕ ಹಿಡಿದರೆ ಪ್ರತಿ ಸಲವೂ ಮಂಕು. ಗಿರಾಕಿಗಳು ತುಟಿಪಿಟಿಕ್ಕೆನ್ನದೆ ತೆಗೆದುಕೊಂಡು ಹೋದರೆ, ಪಾಪ, ದಾಕ್ಷಿಣ್ಯದವರು ಎಂದುಕೊಂಡಳು. ಫಾಯಿಜಾ ಬಣ್ಣದ ಪುಡಿ ಉಳಿಸುತ್ತಿದ್ದಾಳೆ ಎಂದು ಅವಳಿಗೆ ಗಟ್ಟಿಯಾಯಿತು. ಬಾಯಿಬಿಟ್ಟು ಹೇಳಲಿಲ್ಲ, ಬಣ್ಣ ಸರಿ ಬರ್ತಿಲ್ಲ, ಸರಿಯಾಗಿ ನೋಡಿ ಹಾಕು ಎಂದು ಮಾತ್ರ ಮತ್ತೆ ಮತ್ತೆ ಚುಚ್ಚಿದಳು.

ಕೊನೆಗೆ ಕಾವೇರಿ ಎಂಬ ಗಿರಾಕಿಯ ಈರುಳ್ಳಿ ಬಣ್ಣದ ಸೀರೆ. ಫಾಯಿಜಾ ಹಾಕಿಕೊಟ್ಟ ಬಟ್ಟೆಯನ್ನು ಸಾಕ್ಷಿಗಿರಲಿ ಎಂದು ಯಶೋದಮ್ಮ ಡ್ರಾಯರಿಗೆ ತುರುಕಿ, ಅದೇ ಫೋಟೋವನ್ನು ಕೆ.ಆರ್.ಪುರದಲ್ಲಿ ಬಣ್ಣ ಹಾಕುವ ಶಿವಪುತ್ರನಿಗೆ ಕಳಿಸಿದಳು. ಅವನ ಕೈಲೂ ಇವಳದ್ದರಂಥದ್ದೇ ಹೊಸ ಫೋನು. ಅವನು ಕೊಟ್ಟ ಬಟ್ಟೆ ಫೋನಿಗೆ ತದ್ರೂಪ. ಸಿಕ್ಕಿಬಿದ್ದಳು ಎಂದು ಯಶೋದಮ್ಮನಿಗೆ ಒಳಗೊಳಗೇ ಖುಷಿ. ಅಂದಿನಿಂದ ಫಾಯಿಜಾಳಿಗೆ ಕೆಲಸ ನಿಂತಿತು.

ಭಾನುವಾರ ಕಾವೇರಿ ಸೀರೆಯನ್ನೇ ಹಿಡಿದು ಬಂದಳು. ಶಿವಪುತ್ರನ ಬಟ್ಟೆ ಅದರ ಮೇಲೆ ಗುಲಾಬಿ ಮಿಠಾಯಿಯಂತೆ ಕಿರುಚಿತು. ಯಶೋದಮ್ಮ ಹಿಂಜರಿಯುತ್ತಲೇ ಡ್ರಾಯರ್ ಎಳೆದು ಸಾಕ್ಷಿಯ ಬಟ್ಟೆ ತೆಗೆದಳು. ಅದು ಸೀರೆಯೊಳಗೇ ಸೇರಿಹೋಯಿತು.

ರಜೆಯೆಂದು ಅಂಗಡಿಯಲ್ಲಿ ಕೂತಿದ್ದ ಮಧುಕರ್ ಅಮ್ಮನ ಹಳೇ ಫೋನು ಹುಡುಕಿ, ಅದೇ ಫೋಟೋವನ್ನು ಎರಡರಲ್ಲೂ ತೆರೆದಿಟ್ಟ. ಒಂದರಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಗುಲಾಬಿ. ಹಳೇದು ಫಾಯಿಜಾಳ ಫೋನಿನಂತೆಯೇ ಎಲ್‌ಸಿಡಿ, ಪರದೆಯ ಹಿಂದೆ ಒಂದೇ ದೀಪ, ಬಣ್ಣ ಸ್ವಲ್ಪ ಸಪ್ಪೆ. ಹೊಸದರಲ್ಲಿ ಚುಕ್ಕಿ ಚುಕ್ಕಿಯೂ ತಾನೇ ಬೆಳಗುತ್ತದೆ, ಸಾಲದ್ದಕ್ಕೆ ಕಂಪನಿಯವರು ಬಣ್ಣ ಏರಿಸಿಯೇ ಕೊಟ್ಟಿರುತ್ತಾರೆ ಎಂದ. ಸೆಟ್ಟಿಂಗಿನಲ್ಲಿ ಇಳಿಸಬಹುದಿತ್ತಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ಚೆನ್ನಾಗಿ ಕಾಣತ್ತೆ ಅಂತ ನೀನೇ ಖುಷಿಪಟ್ಟೆ ಅಲ್ಲಮ್ಮ" ಎಂದ.

ಯಶೋದಮ್ಮನಿಗೆ ನಾಚಿಕೆಯಾಯಿತು. ಕಾವೇರಿಯನ್ನು ಕೇಳಿ, ಲಂಗಕ್ಕೆ ಬಣ್ಣ ಹಾಕಿಸುವ ನೆಪದಲ್ಲಿ ಸೀರೆಯಂಚಿನಿಂದ ಒಂದೆಳೆ ಎಳೆದುಕೊಂಡು ಶಿವಾಜಿನಗರಕ್ಕೆ ಹೊರಟಳು. ಫಾಯಿಜಾ ಕೋಪ ಮಾಡಿಕೊಂಡಿರುತ್ತಾಳೆ, ಇಲ್ಲವೇ ಬೇರೆ ಅಂಗಡಿ ಹಿಡಿದಿರುತ್ತಾಳೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಫಾಯಿಜಾಳ ಮನೆಯಲ್ಲಿ ಒಲೆ ಆರಿತ್ತು, ಬಣ್ಣದ ಹಂಡೆ ಬೋರಲಾಗಿತ್ತು. ಕೋಪದ ಸುಳಿವಿರಲಿಲ್ಲ. ಚಹಾ ಕೊಟ್ಟು, ತಾನೇ ತಪ್ಪಿತಸ್ಥಳಂತೆ ಹೇಳಿದಳು: "ನನ್ನ ಕಣ್ಣು ಕೈ ಕೊಡ್ತಾ ಇದೆ ಅಕ್ಕಾ. ನೀವು ಅಷ್ಟು ಸಲ ಹೇಳಿದ್ಮೇಲೆ ಡಾಕ್ಟರ್‌ಗೆ ತೋರಿಸ್ದೆ. ಏನೂ ಇಲ್ಲ ಅಂದ್ರು, ನಂಗೆ ನಂಬಿಕೆ ಬರ್ಲಿಲ್ಲ. ಕಮರ್ಷಿಯಲ್ ಸ್ಟ್ರೀಟ್‌ನವ್ರ ಕೆಲ್ಸಾನೂ ಬಿಟ್ಬಿಟ್ಟೆ. ಯಾರ ಸೀರೆ ಯಾಕೆ ಹಾಳು ಮಾಡ್ಲಿ?"

ಯಶೋದಮ್ಮ ಅವಳನ್ನು ಅನುಮಾನಿಸುತ್ತಿದ್ದಾಗ, ಅವಳು ಅನುಮಾನಿಸಿದ್ದು ತನ್ನ ಕಣ್ಣನ್ನೇ. ಯಶೋದಮ್ಮ ದಾರವನ್ನು ಮುಂದಿಟ್ಟಳು.

ಫಾಯಿಜಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ಇವಳ ಕಡೆಗೇ ಚಾಚಿದಳು.

"ಇದು ಯಾವ ಬಣ್ಣ ಅಂತ ನೀವೇ ಹೇಳ್ಬಿಡಿ ಅಕ್ಕಾ."

"ನಿಂಗೆ ಏನು ಕಾಣತ್ತೋ ಅದೇ ಕಣೇ" ಎಂದಳು ಯಶೋದಮ್ಮ.