ಕಾವಲಿ ಆರಬಾರದು

ಮುಂಬಯಿಯ ಮ್ಯಾರಥಾನ್ ಓಟಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ನಮಗೆ ಓಡಲು ಕಲಿಸಿದ ಹುಡುಗಿಯೇ ಇನ್ನು ಓಡಬೇಡಿ ಎಂದಳು. ಘಾಟ್ಕೋಪರಿನ ಉದ್ಯಾನದಲ್ಲಿ ಆ ಭಾನುವಾರದ ಅಭ್ಯಾಸ ಮುಗಿಸಿ, ನಾವು ಕೆಲವು ಮುದುಕ ಮುದುಕಿಯರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆವು. ಹುಡುಗಿಯ ಮನೆಯವರು ಮಂಗಳೂರು ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಅಂಧೇರಿಯಲ್ಲಿ. ನನ್ನ ಹತ್ತಿರ ಮಾತ್ರ ಹಟ ಹಿಡಿದು ಕನ್ನಡ ಮಾತಾಡುತ್ತಾಳೆ.

“ಅಂಕಲ್, ಈ ವೀಕ್ ಓನ್ಲಿ ರೆಸ್ಟ್. ಸ್ವಲ್ಪ ವಾಕಿಂಗ್ ಓಕೆ. ಓಡೋದು ಬಿಲ್ಕುಲ್ ಇಲ್ಲ. ಅನ್ನ ಜಾಸ್ತಿ ತಿನ್ನಿ. ಆಮೇಲೆ ನಿದ್ದೆ.”

“ನಿದ್ದೆ ಬಾರದಿದ್ರೆ?”

“ಸುಮ್ನೆ ಮಲಗಿ. ಮಲಗೋದು ಕೂಡ ಟ್ರೇನಿಂಗ್ ಅಂಕಲ್.”

ನಾನು ಹೈಸ್ಕೂಲು ಮುಗಿಸಿ ಮುಂಬಯಿಗೆ ಬಂದವನು. ಉಡುಪಿ ಹೋಟೆಲೊಂದರಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ, ಬಹುಕಾಲ ದೋಸೆಯ ಕಾವಲಿಯ ಮುಂದೆ ನಿಂತು, ಕೊನೆಗೆ ಗಲ್ಲಾದಲ್ಲಿ ಕುಳಿತು ನಿವೃತ್ತನಾದೆ. ಮಲಗುವುದೂ ಒಂದು ಕೆಲಸ ಎಂದು ಆವರೆಗೆ ನನಗೆ ಯಾರೂ ಹೇಳಿರಲಿಲ್ಲ. ಡಾಕ್ಟರು ಅನ್ನ ಬಿಡಲು ಹೇಳಿದ್ದಾರೆ ಎಂದು ಗೊಣಗುತ್ತ ಊಟಕ್ಕೆ ಬರುತ್ತಿದ್ದ ಗಿರಾಕಿಗಳನ್ನು ಕಂಡವನಿಗೆ, ಅನ್ನ ಜಾಸ್ತಿ ತಿನ್ನಿ ಎಂಬುದು ಬಹುಮಾನದಂತೆ ಕೇಳಿಸಿತು.

ಆ ಮಾತು ಕೇಳಲು ನನ್ನ ಜೊತೆಗಾರ ಅಲ್ಲಿರಲಿಲ್ಲ, ಅವನಿಗೆ ಆ ದಿನ ಡ್ಯೂಟಿ ಇತ್ತು. ಅವನು ನಮ್ಮ ಬಿಲ್ಡಿಂಗಿನ ವಾಚ್‌ಮನ್, ವಿಜಯಪುರದ ಕಡೆಯವನು, ನನಗಿಂತ ಆರೇಳು ವರ್ಷ ಚಿಕ್ಕವನು. ಒಬ್ಬನೇ ಓಡಲು ಬೇಸರವಾಗಿ ನಾನೇ ಅವನನ್ನು ಅಭ್ಯಾಸಕ್ಕೆ ಎಳೆದುಕೊಂಡು ಬಂದಿದ್ದೆ. ಪದಕ, ಸಮಯ ಅವನಿಗೆ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಸಮುದ್ರದ ಮೇಲಿನ ಸೇತುವೆ. ಅದನ್ನು ಕಟ್ಟುವಾಗ ಅವನು ಕಬ್ಬಿಣದ ಸರಳು ಬಿಗಿಯುವ ಕೆಲಸಕ್ಕಿದ್ದ. ಕೆಲಸ ಮುಗಿಯಿತು, ಸೇತುವೆ ತೆರೆಯಿತು, ಆದರೆ ಅದರ ಮೇಲೆ ಕಾಲ್ನಡಿಗೆಯಲ್ಲಿ ಹೋಗಲು ಯಾರಿಗೂ ಬಿಡುವುದಿಲ್ಲ. ಓಟದ ದಿನ ಮಾತ್ರ ಓಡುವವರು ಅದರ ಮೇಲೆ ಹೋಗುತ್ತಾರೆ ಎಂದು ನಾನು ಹೇಳಿದಾಗ ಅವನು ಕೋಲನ್ನು ಗೋಡೆಗೆ ಒರಗಿಸಿ, “ಖರೇನ್ರಿ ಅಣ್ಣಾರ? ಕಾಲಿಟ್ಟ ಹೋಗಬಹುದಾ?” ಎಂದು ಎರಡು ಸಲ ಕೇಳಿದ್ದ. ಮರುದಿನವೇ ಶೂ ಹುಡುಕಲು ಹೊರಟ.

ಭಾನುವಾರ ಗೇಟಿನಲ್ಲಿ ಸಿಕ್ಕಾಗ, ಟೀಚರ್ ಏನಂದರು ಎಂದು ಕೇಳಿದ. ಅನ್ನ ತಿನ್ನಬೇಕಂತೆ ಎನ್ನುವಷ್ಟರಲ್ಲಿ ಯಾರದೋ ಕಾರು ಬಂತು, ಅವನು ಗೇಟು ತೆರೆಯಲು ಓಡಿದ. ಉಳಿದದ್ದು ನನ್ನಲ್ಲೇ ಉಳಿಯಿತು.

ಸುಮ್ಮನಿರುವ ಮೈ ಎಂಥ ವಿಚಿತ್ರ ವಸ್ತು ಎಂದು ನನಗೆ ಸೋಮವಾರ ಗೊತ್ತಾಯಿತು. ಬೆಳಿಗ್ಗೆ ಎಡ ಮಂಡಿ ನೋಯುತ್ತಿತ್ತು. ಮಧ್ಯಾಹ್ನ ಮಲಗಿ ಎದ್ದರೆ ಅದೇ ನೋವು, ಅದೇ ಜಾಗ, ಬಲ ಮಂಡಿಯಲ್ಲಿ. ಅದು ಈ ಕಾಲಿನಿಂದ ಆ ಕಾಲಿಗೆ ಯಾವ ದಾರಿಯಲ್ಲಿ ಹೋಯಿತು? ದಿಂಬಿಗೆ ಕಿವಿಯಿಟ್ಟರೆ ಎದೆಯ ಬಡಿತ ಕೇಳುತ್ತಿತ್ತು. ಅದು ಮೊದಲೂ ಹೀಗೇ ಬಡಿಯುತ್ತಿತ್ತೇ, ನಾನು ಕೇಳಿಸಿಕೊಂಡಿರಲಿಲ್ಲವೇ? ವಾರಗಟ್ಟಲೆ ಓಡಿದ ಕಾಲು ಎರಡನೇ ಮಹಡಿ ಹತ್ತುವಾಗ ಭಾರವಾಯಿತು. ಒಮ್ಮೆ ಸೀನು ಬಂತು, ನೆಗಡಿಯೋ ಎಂದು ಕನ್ನಡಿಯಲ್ಲಿ ಗಂಟಲು ನೋಡಿಕೊಂಡೆ.

ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದಳು. “ಎಂತ ಮಾರಾಯ್ರೆ ನಿಮ್ದು? ಎರಡು ಹೆತ್ತೆ, ನಾನು ಇಷ್ಟು ಗಲಾಟೆ ಮಾಡ್ಲಿಲ್ಲ.”

“ಕಾಲು ಸತ್ತ ಹಾಗಾಗಿದೆ.”

“ಸತ್ತದ್ದನ್ನು ಸ್ವಲ್ಪ ಸೋಫಾದ ಮೇಲಿಂದ ತೆಗೀರಿ, ನಾನೂ ಕೂತ್ಕೊಳ್ಬೇಕು.”

ಮಂಗಳವಾರದ ಹೊತ್ತಿಗೆ ನನಗೆ ಹೋಟೆಲಿನ ಮಧ್ಯಾಹ್ನಗಳು ನೆನಪಾಗತೊಡಗಿದವು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಇನ್ನೂ ಹೊತ್ತಿರುವಾಗ ಗಿರಾಕಿಯೇ ಇರುವುದಿಲ್ಲ. ಆಗಲೂ ಕಾವಲಿಯ ಉರಿ ಆರಿಸುತ್ತಿರಲಿಲ್ಲ, ಸಣ್ಣಗೆ ಇಟ್ಟಿರುತ್ತಿದ್ದೆವು. ಕಾವಲಿ ಪೂರ್ತಿ ತಣ್ಣಗಾದರೆ ಸಂಜೆಯ ಮೊದಲ ದೋಸೆಗಳು ಅಂಟಿಕೊಂಡು ಹರಿದುಹೋಗುತ್ತವೆ. ಇದು ನನ್ನ ಕೈಗೆ ಗೊತ್ತಿದ್ದ ಸತ್ಯ. ಮೈಯೂ ಹಾಗೇ ಇರಬೇಕು, ವಾರವಿಡೀ ಆರಲು ಬಿಟ್ಟರೆ ಭಾನುವಾರ ಅಂಟಿಕೊಳ್ಳುತ್ತದೆ ಎಂದು ನನಗೆ ಅನ್ನಿಸಿತು. ಹುಡುಗಿಗೆ ಪುಸ್ತಕದ ಲೆಕ್ಕ ಗೊತ್ತು, ಬಿಸಿಯ ಲೆಕ್ಕ ಏನು ಗೊತ್ತು ಎಂದುಕೊಂಡೆ.

ಅಷ್ಟೇ ಆಗಿದ್ದರೆ ನಾನೊಬ್ಬನೇ ಕದ್ದು ಓಡಿ ಬರಬಹುದಿತ್ತು. ಆದರೆ ಒಬ್ಬನೇ ಓಡಲು ನನಗೆ ಹೆದರಿಕೆ. ಮುಂಜಾನೆ ಹೈವೇ ಬದಿಯಲ್ಲಿ ಬಿದ್ದರೆ ಎತ್ತಲು ಒಬ್ಬ ಬೇಕು. ಇನ್ನೊಂದು ಕಾರಣವೂ ಇತ್ತು, ಅದು ಇನ್ನಷ್ಟು ಕೆಟ್ಟದ್ದು. ಒಬ್ಬನೇ ಮಾತು ಮೀರಿದರೆ ಅದು ತಪ್ಪು, ಇಬ್ಬರು ಮೀರಿದರೆ ಅದು ತಪ್ಪೆನಿಸುವುದಿಲ್ಲ.

ಮಂಗಳವಾರ ಸಂಜೆ ಅವನು ಗೇಟಿನಲ್ಲಿ ಮತ್ತೆ ಕೇಳಿದ. “ಅಣ್ಣಾರ, ಬಾಕಿ ಏನ್ ಹೇಳ್ಯಾರ ಟೀಚರ್? ನೀವು ಅನ್ನದ ತನಕ ಬಂದು ಬಿಟ್ರಲ್ರಿ.”

“ನಾಳೆ ಬೆಳಿಗ್ಗೆ ವಿಕ್ರೋಳಿ ತನಕ ಓಡಿ ಬರ್ಬೇಕಂತೆ.”

“ಓಟದ ವಾರದಾಗೂ?”

“ಅವಳು ಕಲಿತವಳು ಮಾರಾಯ. ನಮಗೆಂತ ಗೊತ್ತು?”

“ಹಂಗಾರ ಆತ್ರಿ. ಡೂಟಿ ಮುಗಿಸಿದವನ ಬರ್ತೀನಿ.”

ಇಷ್ಟು ಸುಲಭವಾಗಿ ಆಯಿತು. ಹುಡುಗಿಯ ಬಾಯಲ್ಲಿ ನನ್ನ ಮಾತು ಇಟ್ಟೆ. ಅವನು ರಾತ್ರಿಯಿಡೀ ಎದ್ದಿರುತ್ತಾನೆ ಎಂದು ನನಗೆ ಗೊತ್ತಿತ್ತು.

ಬುಧವಾರ ಹೈವೇಯ ಸರ್ವಿಸ್ ರೋಡಿನಲ್ಲಿ ನಾವು ಉತ್ತರಕ್ಕೆ ಓಡಿದೆವು. ಸೋಮವಾರದ ನೋವು, ಮಂಗಳವಾರದ ಭಾರ, ಯಾವುದೂ ಇರಲಿಲ್ಲ. ವಿಕ್ರೋಳಿಯ ಕಾರ್ಖಾನೆ ಕಾಲೊನಿಯ ಮರಗಳ ಹತ್ತಿರ ತಣ್ಣನೆ ಗಾಳಿ ಬಂತು. ನೋಡಿದಿರಾ, ನಾನು ಹೇಳಲಿಲ್ಲವೇ ಎಂದು ಮನಸ್ಸಿನಲ್ಲೇ ಯಾರಿಗೋ ಹೇಳುತ್ತ, ತಿರುಗಿ ಬರುವಾಗ ನಾನು ಜೋರಾದೆ. ಅವನು ಹಿಂದೆ ಬೀಳಬಾರದೆಂದು ಜೊತೆಗೇ ಬಂದ. ಒಂದು ಏರಿನಲ್ಲಿ “ಯವ್ವಾ!” ಎಂದು ಕೂಗಿ ನಿಂತು, ಹಿಂದಕ್ಕೆ ತಿರುಗಿ ನೋಡಿದ.

“ಯಾರೋ ಕಲ್ಲು ಒಗದ್ರು ನೋಡ್ರಿ!”

ನಾನೂ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಅವನು ಮೀನಖಂಡ ಹಿಡಿದು ಕುಳಿತ. ಒಳಗಿನ ಸ್ನಾಯು ಹರಿದರೆ ಹೊರಗಿನಿಂದ ಯಾರೋ ಹೊಡೆದಂತೆ ಆಗುತ್ತದಂತೆ. ಇದನ್ನು ನಾನು ಆಮೇಲೆ ತಿಳಿದೆ.

ಗುರುವಾರ ಅವನು ಗೇಟಿನ ಹತ್ತಿರ ಕುರ್ಚಿ ಬಿಟ್ಟು ಏಳಲಿಲ್ಲ. ಕಾರು ಬಂದರೆ ಡ್ರೈವರ್‌ಗಳೇ ಇಳಿದು ಗೇಟು ತೆರೆದರು. “ವಯಸ್ಸಾತ್ರಿ, ಇನ್ನೇನು” ಎಂದ ನನಗೆ. ನಾನು ಹೌದು ಎಂದೆ. ಈಗ ಆ ಸುಳ್ಳಿಗಿಂತ ಈ ಹೌದು ನನ್ನನ್ನು ಹೆಚ್ಚು ಕಾಡುತ್ತದೆ.

ಶುಕ್ರವಾರ ಎದೆಯ ಮೇಲೆ ಚುಚ್ಚಿಕೊಳ್ಳುವ ನಂಬರಿನ ಕಾಗದ ತರಲು ಬಾಂದ್ರಾ-ಕುರ್ಲಾ ಕಡೆಯ ದೊಡ್ಡ ಮಂಟಪಕ್ಕೆ ಹೋಗಬೇಕಿತ್ತು. ಪ್ರತಿಯೊಬ್ಬರೂ ತಾವೇ ಹೋಗಬೇಕು. ಅವನು ಕುಂಟುತ್ತ ಬಂದ. ಸಾಲಿನಲ್ಲಿ ನಿಂತಿದ್ದಾಗ ಹುಡುಗಿ ನಮ್ಮನ್ನು ಕಂಡು ಓಡಿಬಂದಳು.

“ಅರೆ ಅಂಕಲ್, ಕಾಲಿಗೆ ಕ್ಯಾ ಹುವಾ?”

“ನೀವ ಹೇಳಿದ್ರಲ್ರಿ ಮೇಡಂ, ಬುಧವಾರ ವಿಕ್ರೋಳಿ ತನಕ ಓಡ್ರಿ ಅಂತ. ಅವಾಗ ಹಿಡೀತು.”

“ನಾನು? ನಾನು ರೆಸ್ಟ್ ಹೇಳಿದ್ದು!”

ಇಬ್ಬರೂ ನನ್ನ ಕಡೆ ನೋಡಿದರು. ನಾನು, “ಸಾಲು ಮುಂದೆ ಹೋಯ್ತು, ಬನ್ನಿ” ಎಂದೆ.

ಹುಡುಗಿ ಅವನನ್ನು ಪಕ್ಕದಲ್ಲಿ ಕೂರಿಸಿ ಕಾಲು ಒತ್ತಿ ನೋಡಿದಳು. “ಓಡಿದ್ರೆ ಪೂರಾ ಹರಿಯುತ್ತೆ. ಸಂಡೇ ಬೇಡ ಅಂಕಲ್.”

“ಬ್ರಿಜ್ ತನಕಾನೂ ಬ್ಯಾಡೇನ್ರಿ?”

“ನಡೆದ್ರೆ ಓಕೆ. ಬಟ್ ಲೇಟ್ ಆದವರನ್ನ ಬಸ್ ಎತ್ಕೊಂಡು ಹೋಗುತ್ತೆ. ಬ್ರಿಜ್ ಸಿಗುತ್ತೋ ಇಲ್ವೋ, ಪತಾ ನಹೀ.”

ಕುರ್ಲಾದಲ್ಲಿ ಲೋಕಲ್ ಹತ್ತಿದೆವು. ಯಾರೋ ಅವನ ಕಾಲು ನೋಡಿ ಜಾಗ ಬಿಟ್ಟುಕೊಟ್ಟರು. ಅವನು ಕುಳಿತು ತಲೆ ಎತ್ತಿ ಕೇಳಿದ: “ಅಣ್ಣಾರ, ಆಕಿ ಹೇಳಿದ್ಲೋ ಇಲ್ಲೋ?”

“ಇಲ್ಲ. ನಾನೇ ಸುಳ್ಳು ಹೇಳಿದೆ.”

“ಯಾಕ್ರಿ?”

ನಾನು ಕಾವಲಿಯ ಕಥೆ ಹೇಳಿದೆ, ಹೆದರಿಕೆಯ ಕಥೆಯನ್ನೂ ಹೇಳಿದೆ. ಸುತ್ತಲಿನವರು ಕೇಳುತ್ತಿದ್ದಾರೋ ಎಂದು ನೋಡಲಿಲ್ಲ. ಅವನು ವಿದ್ಯಾವಿಹಾರ್ ದಾಟುವ ತನಕ ಮೀನಖಂಡ ನೀವಿಕೊಂಡ. ಆಮೇಲೆ, “ನಿಮ್ಮ ಹಂಚು ಬಿಸಿ ಆತು ಬಿಡ್ರಿ. ಸೀದಿದ್ದು ನನ್ನ ದ್ವಾಸಿ” ಎಂದ. ನಗಲಿಲ್ಲ. ಘಾಟ್ಕೋಪರಿನಲ್ಲಿ ನಾನು ಕೈ ಕೊಟ್ಟೆ, ಅವನು ಬಾಗಿಲಿನ ಕಂಬಿ ಹಿಡಿದು ತಾನೇ ಇಳಿದ.

ಶನಿವಾರ ನಮ್ಮ ಹಳೆಯ ಹೋಟೆಲಿನಿಂದ ಐಸ್ ತಂದು, ಅವನ ಕ್ಯಾಬಿನ್ನಿನಲ್ಲಿ ಅವನ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ, ಬಟ್ಟೆಯಲ್ಲಿ ಸುತ್ತಿ ಒತ್ತಿದೆ. ಹೆಂಡತಿ ಇಬ್ಬರಿಗೂ ಅನ್ನ, ಸಾರು ಕಳಿಸಿದಳು. ಅವನು ಬಟ್ಟಲು ಖಾಲಿ ಮಾಡಿ, “ಇದು ಆಕಿ ಹೇಳಿದ್ದೋ, ನೀವು ಹೇಳಿದ್ದೋ?” ಎಂದು ಕೇಳಿದ. ಅವಳೇ ಹೇಳಿದ್ದು ಎಂದೆ. “ಹಂಗಾರ ಇನ್ನೊಂದೀಟು ಹಾಕ್ರಿ.”

ನಾಳೆ ಬ್ರಿಜ್ ತನಕ ನಿನ್ನ ಜೊತೆಯೇ ನಡೆಯುತ್ತೇನೆ ಎಂದೆ. ಅವನು ಕಾಲಿನ ಬಟ್ಟೆಯನ್ನು ಸರಿಮಾಡಿಕೊಂಡ.

ಭಾನುವಾರ ನಾವು ಎಲ್ಲರಿಗಿಂತ ಹಿಂದೆ ಹೊರಟೆವು. ಸ್ವಲ್ಪ ಬೇಗ ನಡೆ, ಸ್ವಲ್ಪ ನಿಧಾನ ನಡೆ. ದಾರಿಯುದ್ದಕ್ಕೂ ಜನ ಚಪ್ಪಾಳೆ ತಟ್ಟಿ “ಕಮ್ ಆನ್ ಅಂಕಲ್” ಎನ್ನುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡೇ ಅವರಿಗೆಲ್ಲ ಕೈ ಬೀಸಿದ. ನಾನು ಮತ್ತೆ ಮತ್ತೆ ಹಿಂದೆ ತಿರುಗಿ ಬಸ್ಸು ಬಂತೇ ಎಂದು ನೋಡಿದೆ. ವರ್ಳಿಯ ಕಡೆಯಿಂದ ಸೇತುವೆ ಹತ್ತುವ ಹೊತ್ತಿಗೆ ಬಿಸಿಲು ಏರಿತ್ತು, ಬಸ್ಸುಗಳು ದೂರದಲ್ಲಿ ಕಾಣುತ್ತಿದ್ದವು.

ಸೇತುವೆಯ ಮೇಲೆ ಅವನು ನಿಂತ. ಕೆಳಗೆ ಬಗ್ಗಿ ನೋಡಿದ, ಮೇಲೆ ತಂತಿಗಳನ್ನು ನೋಡಿದ, ಕುಂಟುತ್ತ ಅಂಚಿಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟ. ಏನು ಹುಡುಕುತ್ತಿದ್ದಾನೆ ಎಂದು ನಾನು ಹತ್ತಿರ ಹೋದೆ.

“ನೀವು ಓಡ್ರಿ ಇನ್ನ.”

“ನಾನು ನಿನ್ನ ಜೊತೆ ಇರ್ತೇನೆ.”

“ನೀವಿದ್ರ ನಾ ಮಾತಾಡಬೇಕಾಗತೈತಿ. ಹೋಗ್ರಿ.”

ಹಾಗೆ ನಾನು ಒಬ್ಬನೇ ಓಡಿದೆ. ಹಿಂದೆ ಮುಂದೆ ಯಾರೂ ಇಲ್ಲದ ಅಷ್ಟು ಅಗಲದ ರಸ್ತೆಯಲ್ಲಿ ನನ್ನ ಶೂಗಳ ಸದ್ದು ಕೇಳುತ್ತ, ಬಿದ್ದರೆ ಎತ್ತುವವರಿಲ್ಲ ಎಂದು ಯೋಚಿಸುತ್ತ ಓಡಿದೆ. ಬೀಳಲಿಲ್ಲ. ಓಟವನ್ನು ಮುಗಿಸಲೂ ಇಲ್ಲ. ಮಾಹಿಮ್ ಹತ್ತಿರ ಬಸ್ಸು ನನ್ನನ್ನು ಹಿಡಿಯಿತು. ಹತ್ತಿದರೆ ಮೊದಲ ಸೀಟಿನಲ್ಲಿ ಅವನೇ ಕಾಲು ಚಾಚಿ ಕುಳಿತಿದ್ದ. ಕಾಲು ಮಡಚಿ ಜಾಗ ಮಾಡಿಕೊಟ್ಟ.

ನನಗೆ ತಡೆಯಲಾಗಲಿಲ್ಲ. “ಅಲ್ಲಿ ನಿಂತು ಎಂತ ನೋಡಿದೆ ಮಾರಾಯ?”

“ಹೇಳೂದಿಲ್ರಿ” ಎಂದ. “ನೀವು ಅದನ್ನೂ ತಿರುವಿ ಮಂದಿಗೆ ಹೇಳ್ತೀರಿ.”

ಅವನ ಕಾಲು ಈಗ ವಾಸಿಯಾಗಿದೆ. ಬೆಳಿಗ್ಗೆ ಗೇಟಿನಲ್ಲಿ ಮಾತಾಡಿಸುತ್ತಾನೆ, ಚಹಾ ಕುಡಿಯುತ್ತಾನೆ. ನಾನು ಆ ಪ್ರಶ್ನೆಯನ್ನು ಹಲವು ಸಲ ಕೇಳಿದ್ದೇನೆ. ಅವನು ಇನ್ನೂ ಹೇಳಿಲ್ಲ.