ಹಳದಿ ಗೇಟಿನ ರಿವೆಟ್ಟಮ್ಮ, ನೀಲಿ ಗೇಟಿನ ಬೀಗರು

ರಿವೆಟ್ಟಮ್ಮನ ಗಂಟಲು ಹುಟ್ಟಿನಿಂದ ದೊಡ್ಡದೇನಲ್ಲ, ಕಾರ್ಖಾನೆ ಅದನ್ನು ದೊಡ್ಡದು ಮಾಡಿತು. ವಿಮಾನದ ತಗಡಿಗೆ ತಗಡು ಸೇರಿಸಿ ರಿವೆಟ್ ಹೊಡೆಯುವ ಜಾಗದಲ್ಲಿ ಪಕ್ಕದವರಿಗೆ "ಚಹಾ ಬಂತು" ಎಂದು ಹೇಳಬೇಕಾದರೂ ಕೂಗಬೇಕು. ಹಾಗೆ ಕೂಗಿ ಕೂಗಿ, ಮನೆಯಲ್ಲಿ ಆಕೆ "ಉಪ್ಪು ಕೊಡಿ" ಎಂದರೆ ಪಕ್ಕದ ಮನೆಯವರು ಡಬ್ಬಿ ಹಿಡಿದು ಬಾಗಿಲಿಗೆ ಬರುವಂತಾಗಿತ್ತು.

ಕೆಲಸಕ್ಕೆ ಸೇರಿದಾಗ ಆಕೆ ಕಡ್ಡಿಯಂತಿದ್ದಳು. ಅದಕ್ಕೇ ಸೇರಿಸಿಕೊಂಡದ್ದು. ವಿಮಾನದ ಬಾಲದ ಕಡೆ, ಮೂಗಿನ ಕಡೆ ದೊಡ್ಡ ಮೈಯವರು ನುಗ್ಗಲಾರರು. ಆಕೆ ಒಳಗೆ ತೆವಳಿ ಹೋಗಿ, ತಗಡಿನ ಹಿಂದೆ ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ಹೊರಗಿನವನು ರಿವೆಟ್ ಗನ್ನು ಹಿಡಿದು ಹೊಡೆಯಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು, ಮಾತು ಕೇಳಿಸದು. ಕುಟ್ಟಿಯೇ ಹೇಳಬೇಕು: ಒಂದು ಸಲ ಕುಟ್ಟಿದರೆ "ಇನ್ನೂ ಹೊಡಿ", ಎರಡು ಸಲ ಕುಟ್ಟಿದರೆ "ಸರಿಯಾಯಿತು", ಮೂರು ಸಲವಾದರೆ "ಕೆಟ್ಟಿತು, ತೆಗಿ". ಹೊರಗೆ ಗನ್ನು ಹಿಡಿದಿದ್ದ ಹುಡುಗ ಒಂದು ಮಧ್ಯಾಹ್ನ, ಕೆಲಸ ಮುಗಿದ ಮೇಲೂ ಸುಮ್ಮನೆ ತಗಡಿನ ಮೇಲೆ ಕುಟ್ಟಿ, "ಮದುವೆ ಆಗ್ತೀಯಾ?" ಎಂದು ಕೂಗಿದ. ಅವನಿಗೆ ಉತ್ತರ ಕೇಳಿಸಲಿಲ್ಲ. ಒಳಗಿನಿಂದ ಎರಡು ಸಲ ಟಕ್ ಟಕ್ ಎಂದಿತು. ಅಷ್ಟೇ, ಸಂಸಾರ ಹೂಡಿದರು.

ಆ ಊರಿನಲ್ಲಿ ಒಂದು ರನ್‌ವೇ, ಅದರ ಒಂದೇ ಬದಿಗೆ ಅಕ್ಕಪಕ್ಕ ಎರಡು ಕಾರ್ಖಾನೆ, ನಡುವೆ ತಂತಿ ಬೇಲಿ. ಗೇಟಿಗೆ ಬಳಿದ ಬಣ್ಣದಿಂದಲೇ ಜನ ಅವುಗಳನ್ನು ಗುರುತಿಸುತ್ತಿದ್ದರು. ಹಳದಿ ಗೇಟು, ನೀಲಿ ಗೇಟು. ಎರಡೂ ವಾಯುಪಡೆಗೆ ವಿಮಾನ ಮಾರಬೇಕೆಂದು ಹೊಂಚು ಹಾಕಿದವೇ. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಕಡೆಯವರು ಹೋಗುವ ಕ್ಷೌರದ ಅಂಗಡಿಗೆ ಇನ್ನೊಂದು ಕಡೆಯವರು ಕಾಲಿಡುತ್ತಿರಲಿಲ್ಲ.

ಈ ಹಗೆಗೆ ಕಿಚ್ಚು ಹಚ್ಚಿದ್ದು ಒಂದು ಫೋಟೋ. ಹಿಂದೊಮ್ಮೆ ಹಳದಿ ಗೇಟಿನ ಹೊಸ ವಿಮಾನವನ್ನು ದೊಡ್ಡವರ ಮುಂದೆ ಹಾರಿಸಿದಾಗ ಎಲ್ಲ ಚೆನ್ನಾಗಿಯೇ ನಡೆದು, ನೆಲ ಮುಟ್ಟಿದ ಮೇಲೆ ಮುಂದಿನ ಚಕ್ರ ಮಡಚಿಕೊಂಡಿತು. ವಿಮಾನ ಮೂಗು ಉಜ್ಜುತ್ತ ಹೋಗಿ ನಿಂತಿತು. ಯಾರಿಗೂ ತರಚು ಗಾಯವೂ ಆಗಲಿಲ್ಲ. ಆದರೆ ಮರುದಿನ ನೀಲಿ ಗೇಟಿನವರು ಆ ಚಿತ್ರವನ್ನು ಪತ್ರಿಕೆ ಪತ್ರಿಕೆಗೂ ಹಂಚಿದರು. ಕೆಳಗೆ ಬರೆದಿದ್ದರು: "ನಿಮ್ಮ ಮಕ್ಕಳನ್ನು ಇದರಲ್ಲಿ ಕೂರಿಸುತ್ತೀರಾ?" ಗುತ್ತಿಗೆ ನೀಲಿ ಗೇಟಿಗೆ ಹೋಯಿತು. ಹಳದಿ ಗೇಟಿನ ಅರ್ಧ ಜನ ಮನೆಗೆ ಹೋದರು. ಅವರಲ್ಲಿ ರಿವೆಟ್ಟಮ್ಮನೂ ಒಬ್ಬಳು. ಮತ್ತೆ ಕರೆ ಬರುವವರೆಗೆ ಶಾಲೆಯ ಚೀಲ ಹೊಲಿದಳು, ಹೊಲಿಯುವಾಗಲೆಲ್ಲ ನೀಲಿ ಗೇಟಿಗೆ ಶಾಪ ಹಾಕಿದಳು. ರಾತ್ರಿ ಕಣ್ಣು ಮುಚ್ಚಿದರೆ ಮಾತ್ರ ಬೇರೆಯದೇ ಯೋಚನೆ: ಆ ಮೂಗಿನ ಹತ್ತಿರ ನಾನು ಹಿಡಿದದ್ದು ಯಾವ ಯಾವ ರಿವೆಟ್? ನನ್ನದೇ ಏನಾದರೂ ಸಡಿಲವಾಗಿತ್ತೇ? ಅದಲ್ಲವೆಂದು ತನಿಖೆಯವರು ಹೇಳಿದ ಮೇಲೂ ಆ ಯೋಚನೆ ಬಹಳ ದಿನ ಬಿಡಲಿಲ್ಲ.

ಇಂಥವಳ ಮಗಳು, ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಒಂದು ಸಂಜೆ ಬಂದು, "ಅಮ್ಮ, ಕನ್ನಡಕದ ಅಂಗಡಿಯವನನ್ನ ಮದುವೆ ಆಗ್ತೀನಿ" ಎಂದಳು.

"ಆಗು. ಒಳ್ಳೆ ಹುಡುಗ. ಅವರಪ್ಪ ಏನ್ ಮಾಡ್ತಾರೆ?"

ಮಗಳು ಸ್ವಲ್ಪ ಹೊತ್ತು ಒದ್ದೆ ಕೂದಲು ಒರೆಸಿಕೊಂಡಳು. "ವಿಮಾನ ತಪಾಸಣೆ."

"ಎಲ್ಲಿ?"

"ಅಲ್ಲೇ... ನೀಲಿ ಗೇಟು."

ರಿವೆಟ್ಟಮ್ಮನ ಕೂಗಿಗೆ ಪಕ್ಕದ ಮನೆಯವರು ಈ ಸಲ ಉಪ್ಪು ತರಲಿಲ್ಲ, ಕಿಟಕಿ ಮುಚ್ಚಿಕೊಂಡರು. "ಊರಲ್ಲಿ ಬೇರೆ ಗಂಡೇ ಸಿಗಲಿಲ್ವೇನೇ ನಿಂಗೆ?"

"ನಾನು ಕಟ್ಕೊಳ್ತಿರೋದು ಕನ್ನಡಕದವನನ್ನಮ್ಮ, ಕಾರ್ಖಾನೇನಲ್ಲ."

ಗಂಡ ಮೇಜಿನ ಮೇಲೆ ಎರಡು ಸಲ ಕುಟ್ಟಿದ. ಗನ್ನಿನ ಸದ್ದಿಗೆ ಕಿವಿ ಮಂದವಾಗಿದ್ದರೂ ಬೇಕಾದ ಮಾತು ಅವನಿಗೆ ಸರಿಯಾಗಿಯೇ ಕೇಳಿಸುತ್ತಿತ್ತು. ಇಬ್ಬರ ಮುಂದೆ ಒಬ್ಬಳು ಎಷ್ಟೆಂದು ಕೂಗುವುದು? ಒಪ್ಪಿದಳು.

ಬೀಗರು ಮನೆ ನೋಡಲು ಬಂದರು. ಹೆಂಡತಿ ತೀರಿಕೊಂಡ ಮೇಲೆ ಮಗನೊಬ್ಬನನ್ನೇ ಬೆಳೆಸಿದ ಮನುಷ್ಯ. ತೆಳ್ಳಗೆ, ಮೆತ್ತನೆ ಮಾತು, ಯಾವುದಕ್ಕೂ ಅವಸರವಿಲ್ಲ. ಏನು ಕೊಟ್ಟರೂ "ತಡೀರಿ" ಎಂದು ಒಮ್ಮೆ ತಿರುಗಿಸಿ ನೋಡಿಯೇ ತೆಗೆದುಕೊಳ್ಳುವ ಚಾಳಿ. ಕುರ್ಚಿ ಕೊಟ್ಟರೆ ಕೂರುವ ಮೊದಲು ಬಗ್ಗಿ ನೋಡಿ, "ತಡೀರಿ ಬೀಗಿತ್ತಿಯವರೇ, ಇದರ ಹಿಂಗಾಲಿನ ತಿರುಪು ಸಡಿಲ ಆಗಿದೆ" ಎಂದರು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿಯೇ ಕೂತರು.

ಅವರು ಹೋದ ಮೇಲೆ ರಿವೆಟ್ಟಮ್ಮ ಕುದಿದಳು. "ನನ್ನ ಬಾಯಿಗೆ ಬೀಗ ಹಾಕ್ಬೇಕು ಅಂತ ಎಲ್ರೂ ಹೇಳ್ತಿದ್ರು, ನೀನು ನಿಜವಾಗ್ಲೂ ತಂದು ಹಾಕಿದೆಯಲ್ಲೇ!" ಎಂದಳು ಮಗಳಿಗೆ. ಅಂದಿನಿಂದ ಆಕೆಯ ಬಾಯಲ್ಲಿ ಬೀಗರ ಹೆಸರು ತಡಿಯಪ್ಪ.

ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿ ಹಾಕಲು ಬಂದ ನೆಂಟರು ಒಂದು ಬೆಂಚಿನಲ್ಲಿ ಹಳದಿ, ಒಂದು ಬೆಂಚಿನಲ್ಲಿ ನೀಲಿ ಎಂದು ಕೂತು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿದರು. ಮಗಳು ಮೊದಲ ದಿನವೇ ಕಾನೂನು ಮಾಡಿದಳು: "ನಮ್ಮನೆ ಊಟದ ಮೇಜಿನ ಮೇಲೆ ಯಾರೂ ವಿಮಾನ ಇಳಿಸೋ ಹಾಗಿಲ್ಲ."

ಕಾನೂನಿಗೆ ಕಷ್ಟ ಬಂದದ್ದು ಮುಂದಿನ ವರ್ಷ. ಹೊಸದಾಗಿ ಸೇರುವ ಪೈಲಟ್‌ಗಳಿಗೆ ಹಾರಾಟ ಕಲಿಸಲು ವಾಯುಪಡೆಗೆ ಎರಡು ಸೀಟಿನ ವಿಮಾನ ಬೇಕಾಯಿತು. ಬಹಳ ವಿಮಾನ, ಬಹಳ ವರ್ಷದ ಕೆಲಸ. ಎರಡೂ ಗೇಟಿನವರು ಒಂದೊಂದು ಮಾಡಿ ತೋರಿಸಬೇಕು, ಯಾವುದು ಮೇಲೋ ಅದಕ್ಕೆ ಗುತ್ತಿಗೆ. ಹಳದಿ ಗೇಟಿನವರು ಮೂಗು ಉಜ್ಜಿದ ಅವಮಾನದಿಂದ ಚಕ್ರದ ಮೇಲೆ ಜೀವವನ್ನೇ ಇಟ್ಟರು. ಇಳಿಸಿ, ಎತ್ತಿ, ಬೀಳಿಸಿ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿದರು. ವಾರಕ್ಕೊಮ್ಮೆ ಮಗಳ ಮನೆಗೆ ಊಟಕ್ಕೆ ಸೇರಿದಾಗ ಬೀಗರಿಬ್ಬರೂ ಬಾಯಿ ಬಿಗಿಹಿಡಿದು ಹವಾಮಾನದ ಮಾತಾಡುತ್ತಿದ್ದರು.

"ಗಾಳಿ ಜಾಸ್ತಿ ಇತ್ತು ಇವತ್ತು" ಎನ್ನುವಳು ರಿವೆಟ್ಟಮ್ಮ.

"ಇತ್ತು. ಆದರೂ ಕೆಲವು ತಡ್ಕೊಂಡ್ವು" ಎನ್ನುವರು ಬೀಗರು.

"ಇಬ್ರೂ ಸಾಕು!" ಎನ್ನುವಳು ಮಗಳು.

ಕೊನೆಯ ಹಾರಾಟದ ದಿನ ಬಂತು. ಬೆಳಗ್ಗೆ ಹಳದಿ ಗೇಟಿನ ವಿಮಾನ ಹಾರಿ, ಹೂವಿನಂತೆ ಇಳಿಯಿತು. ಆಮೇಲೆ ನೀಲಿ ಗೇಟಿನದು. ಅದು ಹಾರಿದ ಚಂದ ನೋಡಿ ಈ ಕಡೆಯವರ ಮುಖ ಸಪ್ಪಗಾಯಿತು. ತಿರುಗಿದರೆ ಚಾಕು, ಏರಿದರೆ ಬಾಣ. ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಯಾರೋ ಕೈ ತೋರಿಸಿದರು. ಎಡಗಡೆಯ ಚಕ್ರ ಹೊರಗೆ ಬಂದಿರಲಿಲ್ಲ.

ವಿಮಾನ ಮತ್ತೆ ಮೇಲೇರಿ ಸುತ್ತತೊಡಗಿತು. ಬೇಲಿಯ ಈ ಕಡೆ ಸೀಟಿ, ಕೇಕೆ. "ಮೂಗು ಉಜ್ಜೋ! ಮೂಗು ಉಜ್ಜೋ!" ಎಂದು ಒಂದು ಗುಂಪು ಕುಣಿಯಿತು. ರಿವೆಟ್ಟಮ್ಮನಿಗೂ ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಚೀಲ ಹೊಲಿದ ದಿನಗಳಿಗೆಲ್ಲ ಇಂದು ಲೆಕ್ಕ ಚುಕ್ತಾ ಎನ್ನಿಸಿತು. ಬೀಗರ ಮುಖ ಹೇಗಾಗಿದೆಯೋ ನೋಡೋಣವೆಂದೇ ಬೇಲಿಯಾಚೆ ಕಣ್ಣು ಹಾಯಿಸಿದಳು.

ಅವರು ಗುಂಪಿನಿಂದ ದೂರ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಆಕಾಶ ನೋಡುತ್ತಿರಲಿಲ್ಲ. ತಮ್ಮ ಬೆರಳುಗಳನ್ನೇ ನೋಡುತ್ತ, ತುಟಿ ಅಲುಗಿಸುತ್ತ, ಒಂದೊಂದಾಗಿ ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದರು. ಅವರು ಏನು ಮಾಡುತ್ತಿದ್ದಾರೆಂದು ಆಕೆಗೆ ಕೂಡಲೇ ಗೊತ್ತಾಯಿತು. ಆ ಕೆಲಸ ಅವಳೂ ಮಾಡಿದ್ದಳು.

"ಮುಚ್ರೋ ಬಾಯಿ!"

ರಿವೆಟ್ ಗನ್ನುಗಳ ಮೇಲೆ ಮೆರೆದ ಆ ಗಂಟಲಿಗೆ ಇಡೀ ಬೇಲಿ ತಣ್ಣಗಾಯಿತು. "ಮೇಲಿರೋ ಮಗು ಯಾವ ಗೇಟಿನದು? ಹೇಳ್ರೋ! ಹಳದೀನೋ, ನೀಲೀನೋ?"

ರಿವೆಟ್ಟಮ್ಮ ಬೇಲಿಯ ಸಣ್ಣ ಬಾಗಿಲು ದೂಡಿ ಆ ಕಡೆ ನಡೆದಳು. ಕಾವಲುಗಾರ "ಅಮ್ಮ, ಆ ಕಡೆ ಹೋಗೋ ಹಾಗಿಲ್ಲ" ಎಂದ. "ನಮ್ಮ ಬೀಗರ ಮನೆ ಕಣಪ್ಪ ಅದು" ಎಂದು ಹೋಗಿಯೇಬಿಟ್ಟಳು. ಬೀಗರ ಪಕ್ಕದಲ್ಲಿ ನಿಂತಳು. ಟೋಪಿಯ ಒಂದು ಅಂಚನ್ನು ಆಕೆ ಹಿಡಿದುಕೊಂಡಳು, ಇನ್ನೊಂದನ್ನು ಅವರು.

ವಿಮಾನ ಇಂಧನ ಖಾಲಿ ಮಾಡಿಕೊಂಡು, ಹೊರಬಂದ ಚಕ್ರಗಳನ್ನೂ ಒಳಗೆಳೆದು, ರನ್‌ವೇ ಪಕ್ಕದ ಹುಲ್ಲಿನ ಮೇಲೆ ಹೊಟ್ಟೆಯೂರಿ ಇಳಿಯಿತು. ಮಣ್ಣು, ಹುಲ್ಲು, ದೂಳು ಎದ್ದು ಏನೂ ಕಾಣದಾಯಿತು. ದೂಳು ಕರಗಿದಾಗ ಮೇಲಿನ ಗಾಜು ತೆರೆದುಕೊಂಡಿತು. ಪೈಲಟ್ ಹುಡುಗಿ ಹೊರಗೆ ಜಿಗಿದು ಎರಡು ಕೈಯೆತ್ತಿ ಬೀಸಿದಳು. ಬೀಗರು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು.

ರಿವೆಟ್ಟಮ್ಮ ವಿಮಾನವನ್ನು ದಿಟ್ಟಿಸಿ ನೋಡಿ, ಕಣ್ಣೀರು ಒರೆಸಿಕೊಳ್ಳುತ್ತಲೇ ಕೂಗಿದಳು: "ಬೀಗರೇ! ಹೊಟ್ಟೆ ಮೇಲೆ ಬಿದ್ರೂ ಒಂದು ತಗಡು ಬಿಚ್ಚಿಲ್ಲ ನೋಡ್ರಿ! ಏನ್ ಮೈ ಕಟ್ಟಿದ್ದೀರ್ರೀ ಅದಕ್ಕೆ!"

ಇದು ಹಳದಿ ಗೇಟಿನಲ್ಲಿ ಚೆನ್ನಾಗಿಯೇ ಕೇಳಿಸಿತ್ತು. ಮರುದಿನ ಪ್ರಚಾರ ವಿಭಾಗದ ಯಜಮಾನರು ಕರೆಸಿದರು. ಹುಲ್ಲಿನ ಮೇಲೆ ಮಲಗಿದ ನೀಲಿ ವಿಮಾನದ ದೊಡ್ಡ ಫೋಟೋ ಅವರ ಮೇಜಿನ ಮೇಲಿತ್ತು. ಪಕ್ಕದಲ್ಲಿ ರಿವೆಟ್ಟಮ್ಮನ ಚಿತ್ರ ಹಾಕಿ, "ನಮ್ಮದು ಬೀಳುವುದಿಲ್ಲ" ಎಂದು ಆಕೆಯ ಬಾಯಿಂದ ಹೇಳಿಸಬೇಕೆಂದು ಅವರ ಆಸೆ.

"ನಿಮಗೂ ಒಳ್ಳೇದಮ್ಮ. ನಿನ್ನೆ ನೀವು ಆ ಕಡೆ ಹೋಗಿದ್ದಕ್ಕೆ ಜನ ಏನೇನೋ ಆಡ್ಕೊಳ್ತಿದಾರೆ."

"ಆಡ್ಕೊಳ್ಳೋರಿಗೆ ಬೇರೆ ಕೆಲಸ ಕೊಡಿ ಸಾರ್. ನಾಳೆ ನಮ್ಮದು ಬಿದ್ರೆ ಈ ಕಾಗದ ಯಾರ ಮುಖಕ್ಕೆ ಅಂಟಿಸ್ತೀರಿ? ನನ್ನ ಮುಖ ಅಂತೂ ಖಾಲಿ ಇಲ್ಲ."

ಮುಂದಿನ ವಾರ ಆಕೆಯನ್ನು ಕ್ಯಾಂಟೀನಿನ ತಳ್ಳುಗಾಡಿ ರಿಪೇರಿ ಮಾಡುವ ಶೆಡ್ಡಿಗೆ ಹಾಕಿದರು. ಗಂಡ ಕೋಪದಿಂದ ಮೇಜು ಗುದ್ದಿದ. ಆಕೆ ನಕ್ಕುಬಿಟ್ಟಳು. "ಇರ್ಲಿ ಬಿಡಿ. ಇವಕ್ಕೆ ರೆಕ್ಕೆ ಇಲ್ಲ, ಅಷ್ಟೇ ವ್ಯತ್ಯಾಸ" ಎಂದು ತಳ್ಳುಗಾಡಿಗಳಿಗೇ ರಿವೆಟ್ ಹೊಡೆದಳು. ಪೋಸ್ಟರು ಯಾರದೋ ಮುಖ ಹೊತ್ತು ಬೀದಿಗೆ ಬಂತು. ನೀಲಿ ಗೇಟಿನವರು ಹಳೆಯ ಮೂಗಿನ ಫೋಟೋ ಹುಡುಕಿ ತೆಗೆದು ಅದರ ಪಕ್ಕದಲ್ಲೇ ಅಂಟಿಸಿದರು. ಊರಿನ ಗೋಡೆಗಳ ಮೇಲೆ ಬಿದ್ದ ವಿಮಾನಗಳದ್ದೇ ದರ್ಬಾರು.

ವಾಯುಪಡೆಯ ಹಿರಿಯ ಅಧಿಕಾರಿಣಿ ಅದನ್ನೆಲ್ಲ ಕಾರಿನ ಕಿಟಕಿಯಿಂದ ನೋಡುತ್ತಲೇ ಬಂದವರು, ಎರಡೂ ಕಡೆಯ ಮಾಲೀಕರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. "ನಾನು ಕೇಳಿದ್ದು ವಿಮಾನ, ಜಗಳ ಅಲ್ಲ" ಎಂದರಂತೆ. "ನೀಲಿಯವರ ಮೈ ಗಟ್ಟಿ. ಹಳದಿಯವರ ಕಾಲು ಗಟ್ಟಿ. ಸೇರಿಸಿ ಒಂದು ಮಾಡ್ತೀರಾದರೆ ತಗೋತೀವಿ. ಇಲ್ಲಾಂದ್ರೆ ಇಬ್ಬರಿಗೂ ನಮಸ್ಕಾರ." ಮಾಲೀಕರು ಮುಖ ಮುಖ ನೋಡಿಕೊಂಡರು. ಬರಿಗೈಗಿಂತ ಅರ್ಧ ರೊಟ್ಟಿ ಲೇಸೆಂದು ಇಬ್ಬರಿಗೂ ಅನ್ನಿಸಿತು. ಹೀಗೆ ಬೇಲಿ ಕಿತ್ತು, ಅದು ನಿಂತಿದ್ದ ಜಾಗದಲ್ಲೇ ವಿಮಾನ ಕಟ್ಟುವ ದೊಡ್ಡ ಶೆಡ್ಡು, ಹೊಸ ಹ್ಯಾಂಗರ್ ಎದ್ದಿತು. ಅನುಭವಸ್ಥರು ಬೇಕಾಯಿತು. ತಳ್ಳುಗಾಡಿಗಳನ್ನು ಬಿಟ್ಟು ರಿವೆಟ್ಟಮ್ಮ ಹೊಸ ಹ್ಯಾಂಗರಿಗೆ ಬಂದಳು.

ಬಂದ ದಿನವೇ ನೋಡಿದರೆ ಆಕೆಯ ವಿಭಾಗದ ತಪಾಸಣೆಗೆ ಬೀಗರು! ಕೈಯಲ್ಲಿ ಟಾರ್ಚು, ಕಿವಿಯ ಮೇಲೆ ಬಣ್ಣದ ಸೀಮೆಸುಣ್ಣ. ಆಕೆ ಹೊಡೆದ ಸಾಲಿನುದ್ದಕ್ಕೂ ನಿಧಾನವಾಗಿ ನಡೆದು, ಒಂದು ರಿವೆಟ್ಟಿನ ಸುತ್ತ ಸೊನ್ನೆ ಬರೆದರು.

"ಏನ್ರೀ ಬೀಗರೇ, ಅದಕ್ಕೇನಾಗಿದೆ?"

"ತಡೀರಿ. ತಲೆ ಸ್ವಲ್ಪ ಓರೆ."

"ನಿಮ್ಮ ತಲೆ ಓರೆ!"

"ಅದನ್ನ ಆಮೇಲೆ ನೋಡೋಣ. ಮೊದಲು ಇದನ್ನ ತೆಗೀರಿ."

ಹ್ಯಾಂಗರಿನ ಜನವೆಲ್ಲ ಕೆಲಸ ನಿಲ್ಲಿಸಿ ನೋಡಿದರು. ರಿವೆಟ್ಟಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಓರೆಯಾಗಿಯೇ ಇತ್ತು. ತೆಗೆದು ಹೊಸದು ಹೊಡೆದಳು. "ಈ ಕನ್ನಡಕ ಮಾಡಿಕೊಟ್ಟ ನಿಮ್ಮ ಮಗನದ್ದೇ ತಪ್ಪು" ಎಂದು ಗೊಣಗಿದಳಾದರೂ ಅಂದಿನ ಚಹಾವನ್ನು ಬೀಗರಿಗೆ ಆಕೆಯೇ ತಂದುಕೊಟ್ಟಳು.

ಮೊದಲ ಜಂಟಿ ವಿಮಾನ ಸಿದ್ಧವಾದಾಗ, ಹುಲ್ಲಿನ ಮೇಲೆ ಇಳಿಸಿದ ಆ ಪೈಲಟ್ ಹುಡುಗಿಯೇ ಹಾರಿಸಲು ಬಂದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹಿಂದಿನ ಸೀಟಿಗೆ ಕೆಲಸದವರಲ್ಲಿ ಒಬ್ಬರನ್ನು ಕರೆದೊಯ್ಯಲು ಅನುಮತಿ ತಂದಿದ್ದಳು. "ಅವತ್ತು ಬೇಲಿ ಹತ್ರ ಯಾರೋ ಕೂಗಿದ್ರಂತಲ್ಲ, ಯಾರದು? ಅವರೇ ಬರ್ಲಿ" ಎಂದಳು.

ಇಷ್ಟು ವರ್ಷ ವಿಮಾನ ಕಟ್ಟಿದ ರಿವೆಟ್ಟಮ್ಮ ಒಂದು ಸಲವೂ ನೆಲ ಬಿಟ್ಟವಳಲ್ಲ. ಆದರೆ ಎರಡೂ ಗೇಟಿನವರು ನೋಡುತ್ತಿರುವಾಗ ಒಲ್ಲೆನೆನ್ನುವುದು ಹೇಗೆ? ಬೀಗರು ಆಕೆಯ ಸೀಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ ತಲೆಯಾಡಿಸಿದರು. ವಿಮಾನ ಏರಿತು, ಊರಿನ ಮೇಲೆ ಒಂದು ಸುತ್ತು ಹಾಕಿ ಮೆತ್ತಗೆ ಇಳಿಯಿತು.

"ಏನೇನು ಕಾಣಿಸ್ತಮ್ಮ?" ಮಗಳು ಓಡಿಬಂದು ಕೇಳಿದಳು.

"ಎಲ್ಲಾ ಕಾಣಿಸ್ತು! ನಿನ್ನ ಈಜುಕೊಳ ಕಾಣಿಸ್ತು, ಅಂಗಡಿ ಕಾಣಿಸ್ತು, ನಮ್ಮ ಮನೆ ಮೇಲೆ ಒಣಗ್ಹಾಕಿದ್ದ ಬಟ್ಟೆ ಕಾಣಿಸ್ತು" ಎಂದು ರಿವೆಟ್ಟಮ್ಮ ವಾರವಿಡೀ ಊರಿಗೆಲ್ಲ ವರ್ಣಿಸಿದಳು. ಪೈಲಟ್ ಹುಡುಗಿ ಮುಂದಿನ ಸೀಟಿನ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದ್ದಳು. ಹೊರಟಲ್ಲಿಂದ ಇಳಿಯುವವರೆಗೆ ರಿವೆಟ್ಟಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಹುಡುಗಿ ಯಾರಿಗೂ ಹೇಳಲಿಲ್ಲ. ಎರಡನೆಯ ವಿಮಾನ ಸಿದ್ಧವಾದಾಗ ಆಕೆಯ ಹತ್ತಿರ ಬಂದು, "ಇನ್ನೊಂದ್ಸಲ ಬರ್ತೀರಾ ಅಮ್ಮ? ಈ ಸಲ ನೋಡ್ಕೊಂಡು ಬರೋಣ" ಎಂದು ಮೆಲ್ಲಗೆ ಕೇಳಿದಳು.

ರಿವೆಟ್ಟಮ್ಮ ಸುತ್ತಮುತ್ತ ಯಾರಿಗೂ ಕೇಳಿಸಲಿಲ್ಲ ತಾನೇ ಎಂದು ನೋಡಿಕೊಂಡು, ಜೀವನದಲ್ಲೇ ಮೊದಲ ಬಾರಿಗೆ ಪಿಸುಮಾತಿನಲ್ಲಿ, "ನಡಿಯಮ್ಮ" ಎಂದಳು.