ಆಣಿಕಲ್ಲು ಮಳೆಯ ವರದಿ

ಬ್ರಿಟಿಷರ ಕಾಲದಲ್ಲಿ ನಾನು ಕಾರಕೂನನಾಗಿದ್ದಾಗ ಘೋಡಗೇರಿಯಲ್ಲಿ ಆಣಿಕಲ್ಲು ಮಳೆ ಸುರಿಯಿತು. ಬೆಳೆಹಾನಿ ಬರೆದುಕೊಳ್ಳಲು ಹೋದವನಿಗೆ ನೆಲಕಚ್ಚಿದ ಜೋಳಕ್ಕಿಂತ ಮೊದಲು ಕಂಡದ್ದು ಸತ್ತ ಕುರಿಗಳು. ಕುರುಬರ ಮುದುಕಿ ಮಾಳವ್ವ ಅವುಗಳ ನಡುವೆ ಕೂತು, ಇನ್ನೂ ಉಸಿರಾಡುತ್ತಿದ್ದ ಒಂದು ಮರಿಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಇವನ್ನೂ ಬರ್ಕೋರಿ, ಸಾಹೇಬ್ರ."

"ಬೆಳಿ ಅಷ್ಟ ಬರಿಯಾಕ ಹೇಳ್ಯಾರವ್ವಾ. ಕುರಿಗೆ ಕಾಲಂ ಇಲ್ಲ."

"ಜ್ವಾಳದ ಮ್ಯಾಲ ಬಿದ್ದ ಕಲ್ಲ ಇವುಗಳ ಮ್ಯಾಲೂ ಬಿದ್ದಾವಲ್ರಿ. ನಮ್ಮ ಬೆಳಿ ಇದ ಐತ್ರಿ."

ಅಷ್ಟರಲ್ಲಿ ಮರಿಯ ಉಸಿರೂ ನಿಂತಿತು. ಅವಳು ಒರೆಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ನನಗೆ ತಡೆಯಲಾಗಲಿಲ್ಲ, 'ಇತರೆ ಬೆಳೆ' ಎಂಬಲ್ಲಿ 'ಕುರಿ, ಪೂರ್ತಿ ನಾಶ' ಎಂದು ಬರೆದು ಕಳಿಸಿದೆ.

ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಕಾಗದ ಬಂತು: ಸದರಿ ಬೆಳೆಯನ್ನು ಬಿತ್ತಿದ್ದು ಯಾವಾಗ, ನೀರಾವರಿಯೋ ಖುಷ್ಕಿಯೋ, ಕೂಡಲೇ ತಿಳಿಸತಕ್ಕದ್ದು.